ಕಂಪನಿಯವರು ಕೇಳಿದ ಮಾತು

ತ್ಸುರುಒಕಾ
ಸೆಪ್ಟೆಂಬರ್ ೧೮

ಹಾಶಿನೊ ಸೇತುವೆ ತಪಾಸಣಾ ಕಂಪನಿಯ ನೇಮಕಾತಿ ವಿಭಾಗದ ಶ್ರೀ ಹೊಂಜೊ ಅವರಿಗೆ,

ಇಗಾರಾಶಿ ಶಿಹೊಳ ತಾಯಿ ಚಿಜುರು ಮಾಡುವ ವಂದನೆಗಳು.

ಬಿಸಿಲು ಇನ್ನೂ ಹಟ ಬಿಟ್ಟಿಲ್ಲವಾದರೂ ನಮ್ಮ ಗದ್ದೆಗಳ ಮೇಲೆ ಕೆಂಪು ಏರೋಪ್ಲೇನ್ ಚಿಟ್ಟೆಗಳು ಬಂದಿವೆ. ಸೆಂದೈಯಲ್ಲಿ ನಿಮಗೂ ನಿಮ್ಮ ಸಹೋದ್ಯೋಗಿಗಳಿಗೂ ಈ ಋತು ಸುಖವಾಗಿರಲಿ. ಮುಖ ನೋಡದವರಿಗೆ ಇಷ್ಟು ದೊಡ್ಡ ಪತ್ರ ಬರೆಯುತ್ತಿರುವುದಕ್ಕೆ ಮೊದಲೇ ಕ್ಷಮೆ ಕೇಳುತ್ತೇನೆ. ಫೋನಿನಲ್ಲಿ ನನ್ನ ಮಾತು ಒಮ್ಮೆ ಕೆಟ್ಟಿದೆ. ಇನ್ನೊಮ್ಮೆ ಅದನ್ನು ನಂಬುವ ಧೈರ್ಯ ಬರಲಿಲ್ಲ.

ಕಳೆದ ವಾರ ನೀವು ಕರೆ ಮಾಡಿದಾಗ ನಾನು ದಂತವೈದ್ಯರ ಕ್ಲಿನಿಕ್ಕಿನಲ್ಲಿ ನನ್ನ ಮೇಜಿನ ಹಿಂದೆ ಇದ್ದೆ. ಎದುರಿನ ಬೆಂಚಿನ ಮೇಲೆ ಕೆನ್ನೆ ಊದಿಸಿಕೊಂಡ ಮುದುಕರೊಬ್ಬರು ಕುಳಿತಿದ್ದರು. ನೀವು ಬಹಳ ಜಾಗರೂಕತೆಯಿಂದ, ಮುಂದೆ ಇಟ್ಟುಕೊಂಡ ಹಾಳೆಯನ್ನು ನೋಡಿ ಓದುವವರ ಹಾಗೆ ಮಾತಾಡಿದಿರಿ. “ನಿಮ್ಮ ಮಗಳಿಗೆ ಮುಂದಿನ ವಸಂತದಿಂದ ಕೆಲಸ ಕೊಡ್ತೀವಿ ಅಂತ ನಮ್ಮ ಕಂಪನಿ ಒಳನಿರ್ಧಾರ ತಿಳಿಸಿದೆ ಅಮ್ಮ. ಮನೆಯವರ ಒಪ್ಪಿಗೆ ಇದೆಯಾ ಅಂತ ಕೇಳೋಕೆ ಫೋನ್ ಮಾಡ್ದೆ,” ಎಂದಿರಿ. ನನಗೆ ಎಷ್ಟು ಸಂತೋಷವಾಯಿತೆಂದರೆ ಎದ್ದು ನಿಂತುಬಿಟ್ಟೆ. ಎದ್ದು ನಿಂತು ನಾನು ಹೇಳಿದ್ದು ಇದು:

“ಅಯ್ಯೋ, ಅವಳಿಗೇನು ಬರುತ್ತೆ ಸರ್. ಒಂದು ಕೆಲಸ ಹೇಳಿದ್ರೆ ಇನ್ನೊಂದು ಮಾಡೋ ಹುಡುಗಿ. ನಿಮ್ಮಂಥ ಕಡೆಗೆ ಅವಳು ಬಂದ್ರೆ ನಿಮಗೇ ತೊಂದರೆ.”

“ಹಾಗಂದ್ರೆ ಅಮ್ಮ, ಒಪ್ಪಿಗೆ ಇದೆ ಅಂತ ಬರ್ಕೊಳ್ಳಲಾ?” ಎಂದು ಮತ್ತೆ ಕೇಳಿದಿರಿ.

“ಒಪ್ಪೋದಕ್ಕೆ ನಾನ್ಯಾರು? ಬೇಡದ್ದೊಂದನ್ನ ನಿಮ್ಮ ತಲೆಗೆ ಕಟ್ಟಿದ ಹಾಗಾಗುತ್ತೆ ಅಷ್ಟೆ,” ಎಂದೆ. ಆಮೇಲೆ ದಾರಿಯ ಬಗ್ಗೆ, ಹವೆಯ ಬಗ್ಗೆ ಎರಡು ಮಾತು ಆಡಿರಬೇಕು. ಫೋನ್ ಇಟ್ಟೆ. ಎದುರಿಗಿದ್ದ ಮುದುಕರು ಊದಿದ ಬಾಯಲ್ಲೇ, “ಮಗಳಿಗೆ ಕೆಲಸ ಆಯ್ತೇನಮ್ಮ? ಅಭಿನಂದನೆ,” ಎಂದರು.

ನೋಡಿ, ಅವರಿಗೆ ಅರ್ಥವಾಗಿತ್ತು. ಉಡುಗೊರೆ ಕೊಡುವಾಗ “ಕೆಲಸಕ್ಕೆ ಬಾರದ ವಸ್ತು, ಕ್ಷಮಿಸಬೇಕು” ಎಂದು ಹೇಳಿ ಎರಡೂ ಕೈಯಲ್ಲಿ ಕೊಡುತ್ತೇವಲ್ಲ, ಮಗಳನ್ನೂ ನಾನು ಹಾಗೆಯೇ ಕೊಟ್ಟೆ. ನಮ್ಮೂರಿನಲ್ಲಿ ತಾಯಂದಿರು ಮಕ್ಕಳ ಬಗ್ಗೆ ಹೊರಗಿನವರ ಮುಂದೆ ಬೇರೆ ರೀತಿ ಮಾತಾಡಿದ್ದನ್ನು ನಾನು ಕೇಳಿಲ್ಲ. ನಿಮ್ಮದು ಚಿಕ್ಕ ವಯಸ್ಸಿನ ದನಿ. ನಿಮ್ಮ ಹಾಳೆಯಲ್ಲಿ ‘ಒಪ್ಪಿಗೆ ಇದೆ’, ‘ಒಪ್ಪಿಗೆ ಇಲ್ಲ’ ಎಂಬ ಎರಡೇ ಮನೆಗಳಿದ್ದಿರಬಹುದು. ನನ್ನ ಮಾತನ್ನು ನೀವು ಯಾವ ಮನೆಯಲ್ಲಿ ಕೂರಿಸಬೇಕಿತ್ತು ಎಂದು ಯೋಚಿಸಿದರೆ ನಗುವೂ ಬರುತ್ತದೆ, ಅಳುವೂ ಬರುತ್ತದೆ.

ನೀವು ‘ತಾಯಿಗೆ ಮನಸ್ಸಿಲ್ಲ’ ಎಂದು ಬರೆದುಕೊಂಡಿರೆಂದು ಶಿಹೊಳಿಂದ ತಿಳಿಯಿತು. ಹೋದ ವರ್ಷ ಒಳನಿರ್ಧಾರ ಪಡೆದ ಇಬ್ಬರು, ಹೆತ್ತವರು ಬೇಡವೆಂದರು ಎಂದು ಕೊನೆಯ ಗಳಿಗೆಯಲ್ಲಿ ಹಿಂದೆ ಸರಿದರಂತೆ. ಆ ಜಾಗಗಳು ವರ್ಷವಿಡೀ ಖಾಲಿ ಉಳಿದು, ಇದ್ದವರೇ ಎರಡು ಪಟ್ಟು ದುಡಿದರಂತೆ. ಆದ್ದರಿಂದ ಈ ವರ್ಷ ಮನೆಯವರ ಮಾತು ಖಚಿತವಾಗದಿದ್ದರೆ ಒಳನಿರ್ಧಾರದ ಪತ್ರ ಕೊಡುವ ಅಕ್ಟೋಬರ್ ಒಂದರ ಸಮಾರಂಭಕ್ಕೆ ಕರೆಯುವುದಿಲ್ಲ, ಕಾಯುತ್ತಿರುವ ಇನ್ನೊಬ್ಬ ಅಭ್ಯರ್ಥಿಗೆ ಆ ಜಾಗ ಹೋಗುತ್ತದೆ ಎಂದು ನಿಮ್ಮ ಹಿರಿಯರು ಹೇಳಿದ್ದಾರೆಂದು ಕೇಳಿದೆ. ಅದು ನ್ಯಾಯವೇ. ಆದರೆ ನನ್ನ ಮಗಳು ತನ್ನ ಕೈಯಾರೆ ಗಳಿಸಿದ್ದು ನನ್ನ ನಾಲಿಗೆಯಿಂದ ಹೋಗಬಾರದು.

ಅದು ನನಗೆ ತಿಳಿದ ಸಂಜೆ ನಾನು ಅಡುಗೆಮನೆಯಲ್ಲಿ ಈ ಹಂಗಾಮಿನ ಕೊನೆಯ ಹಸಿ ಸೋಯಾ ಕಾಯಿಗಳನ್ನು ಗಿಡದಿಂದ ಬಿಡಿಸುತ್ತಾ ಕುಳಿತಿದ್ದೆ. ಶಿಹೊ ಬಂದು ಬಾಗಿಲಲ್ಲಿ ನಿಂತಳು.

“ಅಮ್ಮ, ಕಂಪನಿಯವರಿಗೆ ಏನಂದೆ?”

“ಎಲ್ಲರೂ ಅನ್ನೋದನ್ನೇ ಅಂದೆ.”

“ನಿನಗೆ ಇಷ್ಟ ಇಲ್ಲ ಅಂತ ಬರ್ಕೊಂಡಿದಾರೆ.”

ಈಗಲೇ ಫೋನ್ ಮಾಡಿ ಹೇಳುತ್ತೇನೆ ಎಂದು ಎದ್ದೆ. “ಬೇಡ. ನೀನು ಫೋನ್ ಮಾಡಿದ್ರೆ ಮತ್ತೆ ಅದನ್ನೇ ಇನ್ನೂ ಮರ್ಯಾದೆಯಾಗಿ ಹೇಳ್ತೀಯ,” ಎಂದಳು. “ನಾನೇ ಮಾತಾಡ್ತೀನಿ. ನೀನು ಏನೂ ಮಾಡ್ಬೇಡ.” ಬೈದಿದ್ದರೆ ಸಮಾಧಾನವಾಗುತ್ತಿತ್ತು. ಬೈಯಲಿಲ್ಲ. ಕುಳಿತು ನನ್ನ ಜೊತೆ ಕಾಯಿ ಬಿಡಿಸಿದಳು.

ಏನೂ ಮಾಡಬೇಡ ಎಂದವಳ ಮಾತು ಮೀರಿ ಈ ಪತ್ರ ಬರೆಯುತ್ತಿದ್ದೇನೆ. ಅವಳ ಬಗ್ಗೆ ನಿಮಗೆ ಸರಿಯಾಗಿ ಹೇಳಬೇಕು. ಹೇಗೆ ಹೇಳಬೇಕು ಎಂಬುದೇ ಕಷ್ಟ. ನಾಲ್ಕು ದಿನದಿಂದ ‘ನನ್ನ ಮಗಳು ಒಳ್ಳೆಯವಳು’ ಎಂದು ಬರೆಯುವುದು, ನಾಚಿಕೆಯಾಗಿ ಹಾಳೆ ಹರಿಯುವುದು, ಇದೇ ನಡೆದಿದೆ.

ಮಂಗಳವಾರಗಳಂದು ನಾನು ಸಮುದಾಯ ಭವನದ ಕವಿತಾ ಕೂಟಕ್ಕೆ ಹೋಗುತ್ತೇನೆ. ಪಾಠ ಹೇಳುವ ತೊಕಿವಾ ಟೀಚರಮ್ಮನಿಗೆ ಎಂಬತ್ತು ದಾಟಿದೆ, ನಾಲಿಗೆಗೆ ಮಾತ್ರ ಮೂವತ್ತು. ಒಮ್ಮೆ ನಾನು ಚೆರ್ರಿ ಹೂವು ‘ಅಪೂರ್ವ ಸುಂದರ’ ಎಂದು ಬರೆದಿದ್ದೆ. ಅವರು ಕನ್ನಡಕ ತೆಗೆದು, “ಇಗಾರಾಶಿ, ಸುಂದರ ಅಂತ ಹೂವಿಗೆ ಗೊತ್ತು. ನಿನ್ನನ್ನ ಕೇಳಿದ್ದು ಅದು ಏನು ಮಾಡ್ತಿತ್ತು ಅಂತ,” ಎಂದರು. ಎಲ್ಲರೂ ನಕ್ಕರು. ಈ ಪತ್ರದ ವಿಷಯದಲ್ಲಿ ದಾರಿ ತೋರಿಸಿದ್ದು ಆ ಬೈಗುಳವೇ. ಹೊಗಳುವುದಿಲ್ಲ. ಈ ವರ್ಷ ಅವಳು ಏನು ಮಾಡುತ್ತಿದ್ದಳು ಎಂಬುದನ್ನು ಮಾತ್ರ ಹೇಳುತ್ತೇನೆ.

ಮೊದಲು ನನ್ನ ಬಗ್ಗೆ ಒಂದು ಮಾತು. ನಾನು ಸಾಹಿತ್ಯದಲ್ಲಿ ಸ್ನಾತಕೋತ್ತರ ಓದು ಮುಗಿಸಿದ ಕಾಲವನ್ನು ಪತ್ರಿಕೆಗಳು ‘ಕೆಲಸದ ಹಿಮಯುಗ’ ಎಂದು ಕರೆದವು. ನಮ್ಮ ತಂಡದ ಹುಡುಗಿಯರಿಗೆ ‘ನೈತೇ’, ಅಂದರೆ ಒಳನಿರ್ಧಾರ, ಎಂಬ ಪದ ಬೇರೆಯವರ ಮನೆಯ ಹಬ್ಬದೂಟದ ಹಾಗಿತ್ತು. ಓದು ಮುಗಿಯುವ ಮೊದಲೇ ಒಂದು ಕಂಪನಿ ನಿಮ್ಮನ್ನು ತನ್ನ ಮನಸ್ಸಿನೊಳಗೆ ಆರಿಸಿಕೊಂಡು, ಮುಂದಿನ ವಸಂತದಲ್ಲಿ ಬಾ ಎಂದು ಹೇಳಿ ಕಾಯುವುದು. ಹೊರಗೆ ಇನ್ನೂ ಏನೂ ಆಗಿಲ್ಲ, ಒಳಗೆ ಎಲ್ಲ ಆಗಿದೆ. ಒಳನಿರ್ಧಾರ ಎಂಬ ಆ ಪದವನ್ನು ಮಾಡಿದವರು ಯಾರೋ, ಅವರಿಗೆ ಮನುಷ್ಯರ ಮನಸ್ಸು ಚೆನ್ನಾಗಿ ಗೊತ್ತಿತ್ತು ಎಂದುಕೊಳ್ಳುತ್ತೇನೆ. ನನಗೆ ಆ ಪದ ಯಾರೂ ಹೇಳಲಿಲ್ಲ. ನನ್ನ ಮಗಳಿಗೆ ನೀವು ಹೇಳಿದಿರಿ.

ಆದರೆ ಅದಕ್ಕೆ ಮೊದಲು ಅವಳು ಎಷ್ಟೋ ಪ್ರಾರ್ಥನೆ ಪತ್ರಗಳನ್ನು ನೋಡಿದ್ದಳು. ‘ಈ ಬಾರಿ ನಿಮ್ಮನ್ನು ಆರಿಸಲಾಗಲಿಲ್ಲ, ನಿಮ್ಮ ಮುಂದಿನ ಏಳಿಗೆಗಾಗಿ ಪ್ರಾರ್ಥಿಸುತ್ತೇವೆ’ ಎಂದು ಕೊನೆಯಾಗುವ ಪತ್ರಗಳಿಗೆ ಹುಡುಗರು ಇಟ್ಟ ಹೆಸರು ಅದು ಎಂದು ನಿಮಗೆ ಗೊತ್ತೇ ಇದೆ. ಬೆಳಗಿನ ಊಟದ ಹೊತ್ತಿಗೆ ಫೋನ್ ನೋಡಿ, “ಇವತ್ತೂ ಒಬ್ಬರು ನನಗೋಸ್ಕರ ಪ್ರಾರ್ಥನೆ ಮಾಡಿದಾರೆ ಅಮ್ಮ. ಹೀಗೇ ಆದ್ರೆ ಚಳಿಗಾಲದೊಳಗೆ ನನಗೊಂದು ಗುಡಿ ಕಟ್ತಾರೆ,” ಎನ್ನುವಳು. ಏನೂ ಉತ್ತರಿಸದೆ ಕೈಬಿಡುವ ಕಂಪನಿಗಳೂ ಇವೆ. ಅವಕ್ಕೆ ‘ಮೌನ ಪ್ರಾರ್ಥನೆ’ ಎನ್ನುತ್ತಾರಂತೆ. ಅವಳು ಅಂಥವನ್ನೂ ನಗುತ್ತಲೇ ಹೇಳುತ್ತಿದ್ದಳು. “ಇವರು ತುಂಬಾ ಭಕ್ತರು. ಬಾಯಿ ಬಿಡದೇ ಪ್ರಾರ್ಥಿಸ್ತಾರೆ.”

ಒಂದು ದಿನ ನಾನು ಅವಳ ಬೆನ್ನ ಹಿಂದೆ ಬಟ್ಟೆ ಮಡಿಸುತ್ತಿದ್ದೆ. ಅವಳು ಏನೋ ಟೈಪ್ ಮಾಡುತ್ತಿದ್ದಳು. ಬೇಡವೆಂದವರಿಗೆ ಧನ್ಯವಾದ ಬರೆಯುತ್ತಿದ್ದಳು. ಸಂದರ್ಶನದಲ್ಲಿ ಯಾರು ಯಾವ ಪ್ರಶ್ನೆ ಕೇಳಿದರು, ಅದರಿಂದ ತನಗೇನು ಗೊತ್ತಾಯಿತು ಎಂದು ಎರಡು ಸಾಲು. “ಯಾರಾದ್ರೂ ಓದ್ತಾರೇನೇ ಅದನ್ನ?” ಎಂದೆ. “ಓದಲ್ಲ,” ಎಂದಳು, ತಲೆಯೆತ್ತದೆ. ಬರೆದು ಮುಗಿಸಿದಳು. ಆಮೇಲೆ ಮರುದಿನಕ್ಕೆ ಬೇಕಾದ ಬಿಳಿ ಅಂಗಿಯನ್ನು ಬಚ್ಚಲಲ್ಲಿ ಕೈಯಿಂದ ಒಗೆದು, ಕೆಲಸ ಹುಡುಕುವವರೆಲ್ಲ ಹಾಕುವ ಆ ಒಂದೇ ಥರದ ಕಪ್ಪು ಸೂಟಿಗೆ ಬ್ರಷ್ ಹಾಕಿದಳು. ಈ ಬೇಸಗೆಯ ಬಿಸಿಲಿನಲ್ಲಿ ಆ ಸೂಟು ಹಾಕಿಕೊಂಡು ಬಸ್ಸು ಹತ್ತುವ ಹುಡುಗ ಹುಡುಗಿಯರನ್ನು ಕಂಡಾಗಲೆಲ್ಲ ನನಗೆ, ನಮ್ಮಲ್ಲಿ ಇಷ್ಟು ಧೈರ್ಯವಿತ್ತೇ ಎನಿಸುತ್ತದೆ.

ಈಗ ಹೇಳುವುದನ್ನು ಅವಳು ನಿಮಗೆ ಹೇಳಿಲ್ಲ. ನಾನು ಹೇಳಿದ್ದು ಗೊತ್ತಾದರೆ ಕೋಪ ಮಾಡಿಕೊಳ್ಳುತ್ತಾಳೆ.

ಜೂನ್ ತಿಂಗಳಲ್ಲಿ ಟೋಕಿಯೋದ ದೊಡ್ಡ ಕಟ್ಟಡ ಕಂಪನಿಯೊಂದು ಅವಳನ್ನು ಕೊನೆಯ ಸಂದರ್ಶನಕ್ಕೆ ಕರೆಯಿತು. ಹೆಸರು ಬೇಡ. ಎಲ್ಲ ಚೆನ್ನಾಗಿ ಆಯಿತಂತೆ. ಕೊನೆಗೆ ಅಲ್ಲಿದ್ದ ಹಿರಿಯರೊಬ್ಬರು ಮೇಜಿನ ಮೇಲಿನ ಫೋನನ್ನು ಅವಳ ಕಡೆಗೆ ತಳ್ಳಿದರು. “ನಮಗೆ ನೀವು ಬೇಕು. ಉಳಿದ ಕಂಪನಿಗಳಿಗೆ ಇಲ್ಲೇ, ಈಗಲೇ ಫೋನ್ ಮಾಡಿ ಬರಲ್ಲ ಅಂದ್ಬಿಡಿ. ಒಳನಿರ್ಧಾರ ಇವತ್ತೇ ನಿಮ್ಮದು,” ಎಂದರು. ಹೀಗೆ ಹುಡುಕಾಟವನ್ನು ಬಲವಂತವಾಗಿ ನಿಲ್ಲಿಸುವವರು ಇದ್ದಾರೆ, ಅದಕ್ಕೂ ಹುಡುಗರು ಒಂದು ಹೆಸರಿಟ್ಟಿದ್ದಾರೆ. ಅವಳಿಗೆ ಉಳಿದಿದ್ದದ್ದು ಒಂದೇ ಕಂಪನಿ, ನಿಮ್ಮದು. ಮಂಗಳವಾರ ಸಂದರ್ಶನ.

“ಮಂಗಳವಾರ ಬರ್ತೀನಿ ಅಂತ ಅವರಿಗೆ ಹೇಳಿದೀನಿ. ಹೋಗಿ ಬಂದು ನಿಮಗೆ ಉತ್ತರ ಹೇಳ್ತೀನಿ,” ಎಂದಳಂತೆ.

“ಅಷ್ಟೊತ್ತಿಗೆ ನಾವು ಕಾದಿರಲ್ಲ,” ಎಂದರಂತೆ.

ಇವಳು ಎದ್ದು, ಆಳವಾಗಿ ಬಾಗಿ, ಸಮಯ ಕೊಟ್ಟದ್ದಕ್ಕೆ ಕೃತಜ್ಞತೆ ಹೇಳಿ ಬಂದಳು.

ಮನೆಗೆ ಬಂದವಳು ತಣ್ಣನೆಯ ಸೋಬಾ ಶಾವಿಗೆ ತಿನ್ನುತ್ತಾ, “ಟೋಕಿಯೋದ್ದು ಹೋಯ್ತು ಅಮ್ಮ,” ಎಂದಳು. ತಪ್ಪಿದ ಬಸ್ಸಿನ ಬಗ್ಗೆ ಹೇಳುತ್ತಿದ್ದಾಳೆ ಎಂದುಕೊಂಡು, “ಮತ್ತೆ ಯಾವುದರಲ್ಲಿ ಬಂದೆ?” ಎಂದೆ. ಅವಳಿಗೆ ನಗು ಬಂದು ಸೋಬಾ ಗಂಟಲಿಗೆ ಸಿಕ್ಕಿಕೊಂಡಿತು. ವಿಷಯ ತಿಳಿದ ಮೇಲೆ ನನಗೆ ಸಿಟ್ಟು ಬಂತು, ಸುಳ್ಳು ಹೇಳುವುದಿಲ್ಲ. “ಹುಚ್ಚಿ, ಒಂದು ಫೋನ್ ಮಾಡಿದ್ರೆ ಮುಗೀತಿತ್ತು. ಆ ಸೆಂದೈಯವರು ನಿನ್ನ ಮುಖನೂ ನೋಡಿಲ್ಲ,” ಎಂದೆ. ಅವಳು ಹೇಳಿದ್ದು ಇಷ್ಟು: “ಮಂಗಳವಾರ ನನಗೋಸ್ಕರ ಮೂರು ಜನ ಕೆಲಸ ಬಿಟ್ಟು ಕೂತ್ಕೋತಾರೆ ಅಮ್ಮ. ಮೂರು ಕಪ್ ಚಹಾ ಇಟ್ಟಿರ್ತಾರೆ.”

ಆ ಮೂವರಲ್ಲಿ ನೀವೂ ಒಬ್ಬರಾಗಿದ್ದಿರೇನೋ. ಎದುರಿಗೆ ಕುಳಿತ ಹುಡುಗಿಯ ಕೈಯಲ್ಲಿ ಅಂದು ಬೇರೆ ಯಾವ ಕೆಲಸವೂ ಇರಲಿಲ್ಲ ಎಂದು ನಿಮಗೆ ಗೊತ್ತಿರಲು ಸಾಧ್ಯವಿಲ್ಲ. ತರಗತಿಯ ಗೆಳತಿಯರೆಲ್ಲ ನಿಶ್ಚಿಂತರಾಗಿ ಬೇಸಗೆಯ ಪಟಾಕಿ ಉತ್ಸವಕ್ಕೆ ಹೋಗುತ್ತಿದ್ದಾಗ ಅವಳು ನಿಮ್ಮ ಉತ್ತರಕ್ಕಾಗಿ ಕಾದಿದ್ದಳು. ಒಂದು ಬೆಳಿಗ್ಗೆ ನಿಮ್ಮ ಫೋನ್ ಬಂತು. ಅವಳು ಅಡುಗೆಮನೆಯಲ್ಲಿ ಫ್ರಿಜ್ಜಿನ ಎದುರು ನಿಂತು ಮಾತಾಡುತ್ತಿದ್ದಳು. ಮಾತು ಮುಗಿದ ಮೇಲೆ ಫ್ರಿಜ್ಜಿಗೆ ಸೊಂಟ ಬಾಗಿಸಿ ನಮಸ್ಕಾರ ಮಾಡಿದಳು. ಎದ್ದವಳು ಮತ್ತೊಮ್ಮೆ ಮಾಡಿದಳು. ನಾನು ಉಪ್ಪಿನಕಾಯಿ ತೆಗೆಯಲು ಬಂದವಳು ಅದನ್ನು ನೋಡಿ ಸದ್ದಾಗದಂತೆ ಹಿಂದಕ್ಕೆ ಹೋದೆ.

ಅವಳ ತಂದೆ ಕಂಪನಿಯ ವರ್ಗಾವಣೆಯ ಮೇಲೆ ನಾಗೋಯಾದಲ್ಲಿ ಒಬ್ಬರೇ ಇದ್ದಾರೆ. ಮಾತು ಕಡಿಮೆ. ಸುದ್ದಿ ಕೇಳಿ “ಹೌದಾ” ಎಂದು ಫೋನ್ ಇಟ್ಟರು. ಸ್ವಲ್ಪ ಹೊತ್ತಿನಲ್ಲೇ ತಿರುಗಿ ಫೋನ್ ಮಾಡಿ, “ಯಾವ ಯಾವ ಸೇತುವೆ ಅವಳ ಪಾಲಿಗೆ ಬರುತ್ತೆ?” ಎಂದು ಕೇಳಿದರು. ಈಗ ಅವರು ರಜೆಯಲ್ಲಿ ಊರಿಗೆ ಬರುವಾಗ ಪ್ರತಿ ಸೇತುವೆಯ ಮೇಲೂ ರೈಲಿನ ಕಿಟಕಿಯಿಂದ ಫೋಟೋ ತೆಗೆದು ಅವಳಿಗೆ ಕಳಿಸುತ್ತಾರೆ. ಎಲ್ಲವೂ ಮಸುಕು.

ಅವಳು ಈ ಕೆಲಸವನ್ನು ಏಕೆ ಆರಿಸಿಕೊಂಡಳು ಎಂದು ನೀವು ಸಂದರ್ಶನದಲ್ಲಿ ಕೇಳಿರುತ್ತೀರಿ. ಅವಳು ಪುಸ್ತಕದ ಉತ್ತರ ಕೊಟ್ಟಿರುತ್ತಾಳೆ. ನನಗೆ ಗೊತ್ತಿರುವುದು ಬೇರೆ. ಇಲ್ಲಿನ ತಾಂತ್ರಿಕ ಕಾಲೇಜಿನಲ್ಲಿ ಸುತ್ತಿಗೆಯಿಂದ ಕಾಂಕ್ರೀಟು ತಟ್ಟಿ, ಸದ್ದು ಕೇಳಿ, ಒಳಗೆ ಟೊಳ್ಳಿದೆಯೇ ಎಂದು ಪತ್ತೆ ಮಾಡುವುದನ್ನು ಕಲಿಸಿದ ದಿನದಿಂದ ಅವಳ ಬೆರಳು ಸುಮ್ಮನಿಲ್ಲ. ನಮ್ಮ ಬಚ್ಚಲಿನ ಟೈಲು, ಅಂಚೆ ಕಚೇರಿಯ ಮೆಟ್ಟಿಲು, ನನ್ನ ಕ್ಲಿನಿಕ್ಕಿನ ಕಂಬ, ಯಾವುದನ್ನೂ ಬಿಡಲಿಲ್ಲ. ಪಕ್ಕದ ಮನೆಯ ಕುದೊ ಅಜ್ಜಿಯ ಕಾಂಪೌಂಡ್ ಗೋಡೆ ಶಾಲೆಯ ದಾರಿಯ ಪಕ್ಕಕ್ಕೇ ಇದೆ. ಒಂದು ದಿನ ಅಜ್ಜಿ ನಮ್ಮ ಬಾಗಿಲಿಗೆ ಬಂದರು.

“ನಿನ್ನ ಮಗಳು ದಿನಾ ನಮ್ಮ ಗೋಡೆಗೆ ಬಡೀತಾಳಲ್ಲ ಚಿಜುರು, ಸಾಲ ವಸೂಲಿಗೆ ಬಂದವಳ ಹಾಗೆ. ನಮ್ಮೆಜಮಾನ್ರು ಕಟ್ಟಿಸಿದ ಗೋಡೆ ಅದು.”

ನಾನು ಕ್ಷಮೆ ಕೇಳಿದೆ. ಅವಳು ಪೆದ್ದಿ, ಏನು ಮಾಡುತ್ತಿದ್ದೇನೆಂದು ಅವಳಿಗೇ ಗೊತ್ತಿಲ್ಲ ಎಂದೆ. ಶಿಹೊ ಅಲ್ಲೇ ಇದ್ದಳು. ನನ್ನನ್ನು ಒಮ್ಮೆ ನೋಡಿ, ಅಜ್ಜಿಯ ಕೈ ಹಿಡಿದುಕೊಂಡು ಗೋಡೆಯ ಹತ್ತಿರ ಹೋದಳು. ಅವರ ಬೆರಳಿನ ಗಿಣ್ಣಿನಿಂದಲೇ ಒಂದು ಕಡೆ ತಟ್ಟಿಸಿದಳು. “ಅಜ್ಜಿ, ಇಲ್ಲಿ ಕೇಳಿ. ಈಗ ಇಲ್ಲಿ ಕೇಳಿ.” ಅಜ್ಜಿ ಎರಡು ಸಲ ಕೇಳಿದರು. ಮುಖ ಬದಲಾಯಿತು. “ಇದು ಹಣ್ಣಾದ ಕಲ್ಲಂಗಡಿ ಥರ ಇದೆಯಲ್ಲೇ,” ಎಂದರು. ಇವಳು ‘ನಾನು ಹೇಳಲಿಲ್ಲವೇ’ ಎನ್ನಲಿಲ್ಲ. “ಯಜಮಾನ್ರು ಗಟ್ಟಿಯಾಗೇ ಕಟ್ಟಿಸಿದ್ರು. ಭೂಕಂಪ ಆದಾಗ ಇದು ಬೀಳದೆ ತಡ್ಕೊಂಡು ಒಳಗೆ ದಣಿದಿದೆ ಅಷ್ಟೆ,” ಎಂದಳು. ಅಜ್ಜಿಯ ಕಣ್ಣು ತುಂಬಿತು. ಗೋಡೆ ತೆಗೆಸಿ ಬೇಲಿ ಗಿಡ ನೆಡಿಸಿದರು. ಈಗ ಕೇಳಿದರೆ, ಟೊಳ್ಳನ್ನು ಕಂಡುಹಿಡಿದದ್ದು ತಾವೇ ಎನ್ನುತ್ತಾರೆ.

ಇದೇ ಅಜ್ಜಿ ಶಿಹೊಳ ಕೆಲಸದ ಸುದ್ದಿ ಕೇಳಿ, “ಹೆಣ್ಣು ಹುಡುಗಿ ಸೇತುವೆ ಕೆಳಗೆ ಹಗ್ಗಕ್ಕೆ ನೇತಾಡ್ತಾಳಂತೆ, ಬಾವಲಿನಾ ಅವಳು? ನಮ್ಮಣ್ಣನ ಮಗ ಇಲ್ಲೇ ಪತ್ತಿನ ಬ್ಯಾಂಕಿನಲ್ಲಿ ಮ್ಯಾನೇಜರು. ಒಂದು ಮಾತು ಹೇಳಿದ್ರೆ ಸಾಕು, ಮನೆಯಿಂದ ಸೈಕಲ್ಲಲ್ಲಿ ಹೋಗಿ ಬರಬಹುದು,” ಎಂದರು. ಆ ಮಾತನ್ನು ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ಹೊಂಜೊ ಅವರೇ, ಒಡೆದದ್ದನ್ನು ಒಡೆದಿದೆ ಎಂದು ಹೇಳುವವರು ಬಹಳ ಜನ ಸಿಗುತ್ತಾರೆ. ಗೋಡೆ ಕಟ್ಟಿಸಿದವನ ಹೆಂಡತಿಗೆ ನೋವಾಗದ ಹಾಗೆ ಹೇಳಲು ಅವಳಿಗೆ ಯಾರು ಕಲಿಸಿದರೋ ನನಗೆ ಗೊತ್ತಿಲ್ಲ. ನಾನಂತೂ ಅಲ್ಲ. ನಾನು ಅಂದು ಪಕ್ಕದಲ್ಲಿ ನಿಂತು ಅವಳನ್ನು ಪೆದ್ದಿ ಎನ್ನುತ್ತಿದ್ದೆ.

ಅವಳಲ್ಲಿ ದೋಷಗಳಿಲ್ಲವೆಂದಲ್ಲ. ಬೆಳಿಗ್ಗೆ ಏಳಿಸುವುದು ಕಷ್ಟ. ಮೀನಿನ ಮುಳ್ಳು ತೆಗೆಯುವ ತಾಳ್ಮೆ ಇಲ್ಲ. ಕೊಡೆಗಳನ್ನು ಬಸ್ಸಿನಲ್ಲಿ ಬಿಟ್ಟು ಬರುತ್ತಾಳೆ, ಹಾಗೆ ಬಿಟ್ಟ ಕೊಡೆಗಳಲ್ಲಿ ನನ್ನವೇ ಹೆಚ್ಚು. ಇದಿಷ್ಟನ್ನು ಬರೆದ ಮೇಲೆ ನನ್ನ ಕೈ ಸ್ವಲ್ಪ ಹಗುರವಾಯಿತು. ಒಂದೇ ಸಮನೆ ಮೆಚ್ಚುಗೆ ಬರೆದು ನನಗೆ ರೂಢಿಯಿಲ್ಲ.

ನಾನು ಹೇಳಬೇಕಾದದ್ದು ಇಷ್ಟು. ಫೋನಿನಲ್ಲಿ ಆಡಿದ್ದು ಬರಿಯ ಮರ್ಯಾದೆಯ ಮಾತು. ಅದನ್ನು ನೀವು ತಪ್ಪಾಗಿ ತಿಳಿದದ್ದು ನಿಮ್ಮ ತಪ್ಪಲ್ಲ. ಇಪ್ಪತ್ತೆರಡು ವರ್ಷ ಒಂದೇ ಮನೆಯಲ್ಲಿ ಇದ್ದು ನಾನು ಕಂಡಂತೆ, ಈ ಹುಡುಗಿ ಒಂದು ಸೇತುವೆ ಗಟ್ಟಿಯಾಗಿದೆ ಎಂದರೆ ಅದರ ಮೇಲೆ ನಾನು ಕಣ್ಣು ಮುಚ್ಚಿಕೊಂಡು ನಡೆಯುತ್ತೇನೆ. ಕಾಯುತ್ತಿರುವ ಇನ್ನೊಬ್ಬ ಅಭ್ಯರ್ಥಿಯೂ ಯಾವುದೋ ತಾಯಿಯ ಮಗುವೇ. ಆದರೂ, ನನ್ನ ಅವಿವೇಕದ ಕಾರಣಕ್ಕೆ ಅವಳ ಜಾಗವನ್ನು ಬೇರೆಯವರಿಗೆ ಕೊಡಬೇಡಿ ಎಂದು ತಲೆಬಾಗಿ ಕೇಳಿಕೊಳ್ಳುತ್ತೇನೆ.

ಹಗಲಿನ ಸೆಕೆಗೂ ರಾತ್ರಿಯ ತಂಪಿಗೂ ನಡುವೆ ನೆಗಡಿಯಾಗುವ ಕಾಲ. ನಿಮ್ಮ ಆರೋಗ್ಯವನ್ನು ನೋಡಿಕೊಳ್ಳಿ.

ಗೌರವಪೂರ್ವಕವಾಗಿ,
ಇಗಾರಾಶಿ ಚಿಜುರು

ಮತ್ತೆ ಬರೆದದ್ದು:

ಪತ್ರವನ್ನು ಮೇಜಿನ ಮೇಲಿಟ್ಟು ಲಕೋಟೆ ಹುಡುಕಲು ಒಳಗೆ ಹೋಗಿದ್ದೆ. ಬರುವಷ್ಟರಲ್ಲಿ ಶಿಹೊ ಕಾಲೇಜಿನಿಂದ ಬಂದು, ಹೆಗಲ ಚೀಲವನ್ನೂ ಇಳಿಸದೆ, ನಿಂತುಕೊಂಡೇ ಇದನ್ನು ಓದುತ್ತಿದ್ದಳು. ಸಿಟ್ಟಾಗುತ್ತಾಳೆಂದು ಕಾದೆ. ಕೊನೆಯ ಹಾಳೆ ಮುಗಿಸಿ ಮತ್ತೆ ಮೊದಲನೆಯದಕ್ಕೆ ಹೋದಳು.

“ಚೆನ್ನಾಗಿದೆ ಅಮ್ಮ,” ಎಂದಳು. “ಆದ್ರೆ ಅವರು ಕೇಳಿದ್ದು ಇದನ್ನಲ್ಲ.”

“ಮತ್ತೇನು?”

“ಒಪ್ಪಿಗೆ ಇದೆಯಾ ಅಂತ ಕೇಳಿದ್ರು. ಇಷ್ಟುದ್ದ ಕಾಗದದಲ್ಲಿ ಅದೊಂದು ಎಲ್ಲಿದೆ?”

ನಾನು ಹಾಳೆಗಳನ್ನು ಇಸಿದುಕೊಂಡು ಹುಡುಕಿದೆ. ಎಲ್ಲಿಯೂ ಇರಲಿಲ್ಲ.

ಅವಳು ನಿನ್ನೆಯೇ ನಿಮ್ಮೊಡನೆ ಮಾತಾಡಿದ್ದಾಳೆಂದು ಆಗ ತಿಳಿಯಿತು. ನಿಮಗೆ ಏನು ಹೇಳಿದಳೋ ಅದನ್ನೇ ನನಗೂ ಹೇಳಿದಳು. “ಏನೂ ಬರಲ್ಲ, ತೊಂದರೆ ಆಗುತ್ತೆ ಅಂದಿದ್ದನ್ನೆಲ್ಲ ಬಿಟ್ಬಿಡಿ ಸರ್ ಅಂದೆ. ಅದು ಅಮ್ಮ ಹೊರಗಿನವರ ಮುಂದೆ ನನ್ನ ಹೊಗಳೋ ರೀತಿ. ಚಿಕ್ಕಂದಿನಿಂದ ಕೇಳಿದೀನಿ, ಜಾಸ್ತಿ ಬೈದಷ್ಟೂ ಜಾಸ್ತಿ ಮಾರ್ಕ್ಸು. ಆದ್ರೆ ಚಳಿಗಾಲದಲ್ಲಿ ಸೆಂದೈಯ ಘಾಟಿ ದಾರಿ ಹಿಮದಲ್ಲಿ ಮುಚ್ಚಿಹೋಗುತ್ತೆ, ಬೇಕು ಅಂದಾಗ ಬರೋಕಾಗಲ್ಲ, ಇಲ್ಲೇ ಪತ್ತಿನ ಬ್ಯಾಂಕಿನಲ್ಲೂ ಕೆಲಸ ಸಿಗುತ್ತೆ ಅಂದಳಲ್ಲ, ಅದು ಮಾತ್ರ ನಿಜವಾದ ಮಾತು. ಅದನ್ನ ಅವಳು ಹೇಳಿದ್ದು ನನಗೆ. ಫೋನ್ ನಿಮ್ಮ ಕೈಲಿತ್ತು ಅಷ್ಟೆ.”

ದಾರಿ, ಹವೆ ಎಂದು ಮೇಲೆ ಒಂದು ಸಾಲಿನಲ್ಲಿ ದಾಟಿಸಿಬಿಟ್ಟದ್ದು ಅದನ್ನೇ. ನೀವು ಬರೆದುಕೊಂಡದ್ದು ತಪ್ಪಾಗಿರಲಿಲ್ಲ, ಹೊಂಜೊ ಅವರೇ.

ಎಲ್ಲ ಕೇಳಿದ ಮೇಲೂ ನಿಮ್ಮ ಹಿರಿಯರಿಗೆ ತಾಯಿಯ ಬಾಯಿಂದಲೇ ಒಂದು ಮಾತು ಬೇಕು ಎಂದಿರಂತೆ. ಶಿಹೊ ಆಗ ಚೀಲವನ್ನು ಕೆಳಗಿಟ್ಟು ನನ್ನ ಎದುರು ಮಂಡಿಯೂರಿ ಕುಳಿತಳು. “ಹೋಗಲಾ ಅಮ್ಮ?” ಎಂದು ಕೇಳಿದಳು. ಇಷ್ಟು ದಿನದಲ್ಲಿ ನನ್ನನ್ನು ಹಾಗೆ ನೇರವಾಗಿ ಕೇಳಿದ್ದು ಅದೇ ಮೊದಲು. ನಾನು ಗೋಡೆಯ ಕಡೆ ನೋಡಿದೆ, ಕೈಯಲ್ಲಿದ್ದ ಲಕೋಟೆಯನ್ನು ನೋಡಿದೆ. ಆಮೇಲೆ, ಅವಳು ಶಾಲೆಗೆ ಹೊರಟಾಗ ಪ್ರತಿ ಬೆಳಿಗ್ಗೆ ಹೊಸಿಲಿನಲ್ಲಿ ನಿಂತು ಹೇಳುತ್ತಿದ್ದ ಮಾತನ್ನೇ ಹೇಳಿದೆ. “ಹೋಗಿ ಬಾ.”

ಒಪ್ಪಿಗೆ ಇದೆ. ಬರೆದುಕೊಳ್ಳಿ.